ಎಳೆದರೆ ಬಿಚ್ಚುವ ಹೂವು

ಆ ಕರವಸ್ತ್ರ ಬಿಳಿಯದಾಗಿತ್ತು ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಿಚಿಟ್ಟ ತೆಳು ಮಲ್ ಬಟ್ಟೆ ಬಿಳಿಯಾಗಿ ಉಳಿಯುವುದಿಲ್ಲ, ಮಡಿಕೆಯ ಗೆರೆಗಳಲ್ಲಿ ಹಳದಿಗೆ ತಿರುಗುತ್ತದೆ. ನನ್ನ ನೆನಪಿನಲ್ಲಿ ಮಾತ್ರ ಅದು ಈಗಷ್ಟೇ ನೀಲಿ ಹಾಕಿ ಒಣಗಿಸಿದಂತಿದೆ. ನೆನಪಿಗೆ ಬಟ್ಟೆ ಒಗೆಯುವ ಚಾಳಿಯಿದೆ, ಅದನ್ನು ಪೂರ್ತಿ ನಂಬುವಂತಿಲ್ಲ. ಆದರೆ ಕಲೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಒಂದು ಮೂಲೆಯಿಂದ ಮೂರು ಬೆರಳು ಒಳಗೆ, ನಾಲ್ಕಾಣೆ ನಾಣ್ಯದಷ್ಟು ಅಗಲ, ಹಳೆಯ ಎಲೆಅಡಿಕೆಯ ಕಂದು ಬಣ್ಣ. ಅದನ್ನೇ ದಿನಗಟ್ಟಲೆ ನೋಡಿಕೊಂಡು ಕೂತಿದ್ದೆ.

ಎಂಬತ್ತರ ದಶಕದ ಕೊನೆ. ಚಿಂತಾಮಣಿಯಲ್ಲಿ ಬಿ.ಎ. ಮುಗಿಸಿ ಶಿಡ್ಲಘಟ್ಟದ ಮನೆಗೆ ಬಂದು ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತಿದ್ದೆ. ಹೊತ್ತು ಹೋಗಲೆಂದು ತಾತನ ಪೆಟ್ಟಿಗೆ ತೆಗೆದಾಗ ಹಳೆಯ ಕರವಸ್ತ್ರಗಳ ಒಂದು ಕಟ್ಟು ಸಿಕ್ಕಿತು. ಅಂಚನ್ನು ಕೈಯಲ್ಲೇ ಸುರುಳಿ ಸುತ್ತಿ ಹೊಲಿದದ್ದು. ಅಂಗಡಿಯ ಹೊಸ ಟೆರಿಕಾಟ್ ಕರವಸ್ತ್ರದಲ್ಲಿ ಸೂಜಿ ಮುನಿಸಿಕೊಂಡಂತೆ ಹೋಗುತ್ತಿತ್ತು, ಇವುಗಳಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಊರ ತುಂಬಾ ರೇಷ್ಮೆಯಿದ್ದರೂ ನಾನು ಬಳಸಿದ್ದು ಚಿಕ್ಕಬಳ್ಳಾಪುರದಿಂದ ತರಿಸಿದ ಹತ್ತಿ ದಾರದ ಲಡಿಗಳನ್ನು. ನಮ್ಮೂರಿನ ಹಸಿ ರೇಷ್ಮೆಯಲ್ಲಿ ಗೂಡಿನ ಅಂಟು ಇನ್ನೂ ಇರುತ್ತದೆ, ಸೂಜಿಗೆ ಬಗ್ಗುವುದಿಲ್ಲ.

ಮೊದಲು ಗೆಳತಿಯರಿಗೆ ಹೊಲಿದು ಕೊಟ್ಟೆ. ಕರವಸ್ತ್ರ ಉಡುಗೊರೆ ಕೊಟ್ಟರೆ ಜಗಳವಾಗುತ್ತದೆ ಎಂದು ಪ್ರತಿಯೊಬ್ಬಳೂ ನನ್ನ ಕೈಗೊಂದು ನಾಣ್ಯ ತುರುಕಿ, ಕೊಂಡುಕೊಂಡ ಹಾಗೆ ಮಾಡಿ ಒಯ್ದಳು. ಆಮೇಲೆ ಜನರೇ ತಮ್ಮ ಮನೆಯ ಹಳೆಯವನ್ನು ಹುಡುಕಿ ತರತೊಡಗಿದರು. ಗೌರಿಬಿದನೂರಿನಿಂದ ಕೂಡ ಒಬ್ಬರು ಬಸ್ಸಿನಲ್ಲಿ ಬಂದರು. ನಾನು ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆ. ತೂತಿದ್ದಲ್ಲಿ ಎಲೆ, ಕಲೆಯಿದ್ದಲ್ಲಿ ಹೂವು. ಹೂವನ್ನು ಎಲ್ಲಿ ಹಾಕಬೇಕೆಂದು ಯೋಚಿಸುವ ತಾಪತ್ರಯವೇ ಇರಲಿಲ್ಲ.

ಅಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. ಕೆಂಚಾರ್ಲಹಳ್ಳಿಯ ತವರಿನಿಂದ ತಂದ ತೆಲುಗು ಅವಳಿಗೆ ಸಿಟ್ಟು ಬಂದಾಗ ಹೊರಬರುತ್ತಿತ್ತು. "ಏಮಿ ಗೋಲ ಇದಿ, ಏನ್ ರಗಳೆ! ಸತ್ತೋರು ಮೂಗೊರೆಸ್ಕೊಂಡಿದ್ ಬಟ್ಟೆಗೆಲ್ಲಾ ಇವ್ಳು ಹೂವು ಹಾಕ್ತಾಳಂತೆ!"

ಆ ಕರವಸ್ತ್ರ ತಂದವರು ಪಕ್ಕದ ಮನೆಯ ಖಾಲಾ. ಚಿಕ್ಕಮ್ಮ ಎನ್ನುವಂತೆ ಹಾಗೆ ಕರೆದು ನಮಗೆ ಅಭ್ಯಾಸ, ನಂಟಿಲ್ಲ. ಅವರ ಯಜಮಾನರು ಮನೆಯಲ್ಲೇ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವರು, ತೀರಿಕೊಂಡು ಕೆಲವು ವರ್ಷವಾಗಿತ್ತು. ಒಬ್ಬಳೇ ಮಗಳು ನನ್ನ ಜೊತೆ ಹೈಸ್ಕೂಲು ಓದಿದವಳು, ಅವಳಿಗೆ ಚಿಂತಾಮಣಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ನಿಕಾಹ್ ನಡೆಯುವಾಗ ಗಂಡು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೂರುವುದು ಅವರಲ್ಲಿ ರೂಢಿ.

"ಇದು ನಮ್ಮ ಯಜಮಾನ್ರದು ಕಣಮ್ಮಾ," ಎಂದರು ಖಾಲಾ. "ಅಳಿಯ ಇದನ್ನೇ ಹಿಡೀಬೇಕು. ಅವ್ರಿಲ್ಲ, ಅವ್ರ ರುಮಾಲಾದ್ರೂ ಮದ್ವೇಲಿರ್ಲಿ. ಆದ್ರೆ ಈ ಕಲೆ ಕಾಣಬಾರ್ದು, ಮುಚ್ಚಿಬಿಡು. ಹೊಸದು ತರೋಕೂ ಗತಿಯಿಲ್ವಾ ಅಂತಾರೆ ಚಿಂತಾಮಣಿಯೋರು."

"ಒಗೆದ್ರೆ ಹೋಗಲ್ವಾ?" ಎಂದಳು ಅಮ್ಮ.

"ಏಳ್ ಸಲ ಒಗ್ದಿದೀನಿ. ಅವ್ರ ಥರಾನೇ, ಹೇಳಿದ್ ಮಾತು ಕೇಳಲ್ಲ."

ಅದೇ ಸಂಜೆ ಮಗಳು ಬಂದಳು. ನಮ್ಮ ಮನೆಯ ಪಾತ್ರೆ ವಾಪಸು ಕೊಡುವ ನೆಪ. ಅಮ್ಮ ಒಳಗೆ ಹೋದ ಮೇಲೆ ಪಿಸುಗುಟ್ಟಿದಳು: "ಕಲೆ ಮುಚ್ಬೇಡ ಕಣೇ."

"ಬೆಳಿಗ್ಗೆ ತಾನೇ ನಿಮ್ಮಮ್ಮಿ ಮುಚ್ಚು ಅಂದ್ರು."

"ಅಬ್ಬಾದು ಏನುಳಿದಿದೆ ಹೇಳು. ಚರಕ ಮಾರಿದ್ವಿ. ಶರ್ಟೆಲ್ಲಾ ಚಿಕ್ಕಪ್ಪ ಹಾಕ್ಕೊಂಡು ಹರಿದಾಕಿದ್ರು. ಫೋಟೋ ಅಂದ್ರೆ ಓಡಿಹೋಗ್ತಿದ್ರು. ಆ ಎಲೆಅಡಿಕೆ ಕಲೆಯೊಂದೇ ಅವ್ರ ಬಾಯಿಂದ ಬಂದಿದ್ದು."

"ಹಂಗಂತ ಅವ್ರಿಗೇ ಹೇಳು."

"ಹೇಳಿದ್ರೆ ಅಳ್ತಾಳೆ. ಅವ್ಳು ಅತ್ರೆ ನಾನೇ ಮುಚ್ಚು ಅಂದ್ಬಿಡ್ತೀನಿ."

ಅವಳು ಅಂದು ಅತ್ತಳೆಂದು ನನ್ನ ನೆನಪು ಹೇಳುತ್ತದೆ. ಅವಳನ್ನು ಕೇಳಿದರೆ, "ನಾನ್ಯಾಕೆ ಅಳ್ಲಿ, ನಿನ್ಮೇಲೆ ಕೋಪ ಬಂದಿತ್ತು," ಎನ್ನುತ್ತಾಳೆ. ಇರಬಹುದು.

ಎರಡು ದಿನ ಆ ಬಟ್ಟೆಯನ್ನು ಮುಟ್ಟಲಿಲ್ಲ. ತಾಯಿಗೆ ಹೌದೆಂದಿದ್ದೆ, ಮಗಳಿಗೆ ಇಲ್ಲವೆಂದಿರಲಿಲ್ಲ. ತುಂಬು ಹೊಲಿಗೆ ಹಾಕಿದರೆ ಕಲೆ ದಾರದ ಕೆಳಗೆ ಶಾಶ್ವತವಾಗಿ ಹೋಗುತ್ತದೆ, ಆಮೇಲೆ ಬಿಚ್ಚಲು ಹೋದರೆ ಆ ಹಳೆಯ ಬಟ್ಟೆ ಹರಿಯುತ್ತದೆ. ಮೂರನೆಯ ದಿನ ಬೇರೆ ಯಾರದೋ ಕರವಸ್ತ್ರದಲ್ಲಿ ತಪ್ಪಿದ ಸರಪಳಿ ಹೊಲಿಗೆಯನ್ನು ಬಿಚ್ಚುತ್ತಿದ್ದಾಗ ದಾರಿ ಹೊಳೆಯಿತು. ಮೂರನೆಯ ದಿನ ಎಂದು ನಾನೇ ಹೇಳುತ್ತಿದ್ದೇನೆ. ಕಥೆಗಳಲ್ಲಿ ದಾರಿ ಹೊಳೆಯುವುದೆಲ್ಲ ಮೂರನೆಯ ದಿನವೇ ಆದ್ದರಿಂದ ಅದು ಐದನೆಯದೂ ಇರಬಹುದು.

ಸರಪಳಿ ಹೊಲಿಗೆಯಲ್ಲಿ ಪ್ರತಿ ಕುಣಿಕೆಯನ್ನೂ ಅದರ ಮುಂದಿನ ಕುಣಿಕೆ ಹಿಡಿದಿರುತ್ತದೆ. ಕೊನೆಯದನ್ನು ಹಿಡಿಯಲು ಯಾರೂ ಇಲ್ಲ, ಹಾಗಾಗಿ ಅದರ ಮೇಲೊಂದು ಪುಟ್ಟ ಹೊಲಿಗೆ ಹಾಕಿ ಕಟ್ಟಬೇಕು. ಆ ಕಟ್ಟು ಕತ್ತರಿಸಿ ತುದಿ ಎಳೆದರೆ ಇಡೀ ಸಾಲು ಸರಸರನೆ ಬಿಚ್ಚಿಕೊಳ್ಳುತ್ತದೆ. ಕಲಿಯುವಾಗ ಈ ಕಾರಣಕ್ಕೆ ಎಷ್ಟೋ ಸಲ ಅತ್ತಿದ್ದೆ.

ಕಲೆಯ ನಡುವಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ಒಂದು ಕಡುಗೆಂಪು ಗುಲಾಬಿ ಹೊಲಿದೆ. ನಡುವೆ ಎಲ್ಲೂ ಗಂಟು ಬರಬಾರದು. ದಾರ ಒಂದು ಮೊಳಕ್ಕಿಂತ ಉದ್ದ ಇರಬಾರದು ಎಂಬುದು ನನ್ನದೇ ನಿಯಮ. ಅದನ್ನು ಮುರಿದು, ಎರಡು ಕೈ ಚಾಚಿ ಒಂದು ಮಾರು ದಾರ ಪೋಣಿಸಿದೆ. "ಗಾಳಿಪಟ ಹಾರಿಸ್ತೀಯೇನೇ?" ಎಂದಳು ಅಮ್ಮ. ದಾರ ಸಿಕ್ಕಾಗಿ, ಬಿಡಿಸಿ, ಮತ್ತೆ ಸಿಕ್ಕಾಗಿ, ಅಂತೂ ಕಲೆ ಮರೆಯಾಯಿತು. ಕೊನೆಯ ಕುಣಿಕೆಯನ್ನು ಒಂದೇ ಒಂದು ಹಸಿರು ಹೊಲಿಗೆಯಿಂದ ಹಿಡಿಸಿ, ಅದನ್ನು ಎಲೆಯ ಜೊತೆ ಸೇರಿಸಿಬಿಟ್ಟೆ. ಕೆಂಪು ದಾರದ ತುದಿಯನ್ನು ಹಿಂದುಗಡೆ ಉಗುರಿನಷ್ಟು ಉದ್ದ ಬಿಟ್ಟೆ.

ಖಾಲಾ ನೋಡಿ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಮಗಳನ್ನು ಹಿತ್ತಲಿಗೆ ಕರೆದು ಗುಟ್ಟು ಹೇಳಿದೆ: "ಮದ್ವೆ ಮುಗೀಲಿ. ಆಮೇಲೆ ಈ ಹಸಿರು ಹೊಲಿಗೆ ಕತ್ತರಿಸಿ, ಹಿಂದಗಡೆ ಕೆಂಪು ದಾರ ಎಳಿ. ನಿಮ್ಮಬ್ಬಾ ಸಿಗ್ತಾರೆ." ಇಬ್ಬರಿಗೂ ಕೇಳಿದ್ದನ್ನು ಕೊಟ್ಟೆನೆಂದು ನಾನು ಹಿಗ್ಗಿದೆ.

ನಿಕಾಹ್ ದಿನ ನಡೆದದ್ದನ್ನು ಕಣ್ಣಾರೆ ನೋಡಿದೆನೆಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಗಂಡಿನ ಬೆರಳು ದಾರ ಎಳೆಯುವುದು, ಗುಲಾಬಿ ಹೊರಸುತ್ತಿನಿಂದ ಕರಗುತ್ತಾ ಬರುವುದು, ಎಲ್ಲವನ್ನೂ ವರ್ಣಿಸಬಲ್ಲೆ. ಕಣ್ಣಾರೆ ನೋಡಿದೆನೆಂಬುದು ಸುಳ್ಳು. ನಾನು ಪರದೆಯ ಈಚೆ ಹೆಂಗಸರ ನಡುವೆ ಕೂತಿದ್ದೆ. ಆ ಕಡೆಯಿಂದ ನನಗೆ ಬಂದದ್ದು ಗಂಡಸರ ಒಂದು ದೊಡ್ಡ ನಗು ಮಾತ್ರ. ಹಿಂದೆಯೇ ಸುದ್ದಿ ಬಂತು: "ಮದುವೆಗಂಡು ಎಲೆಅಡಿಕೆ ಹಾಕ್ಕೊಂಡು ಬಂದವ್ನೆ! ರುಮಾಲಿಗೆಲ್ಲಾ ಉಗುಳವ್ನೆ!"

ಗಂಡಿನ ತಾಯಿ ಎದ್ದು ನಿಂತರು. "ಮೇರಾ ಬೇಟಾ ಪಾನ್ ನೈ ಖಾತಾ!" ನನ್ನ ಮಗ ಎಲೆಯನ್ನು ಮುಟ್ಟುವವನೇ ಅಲ್ಲ ಎಂದು ಪರದೆಯತ್ತ ಕೂಗಿದರು. ಒಂದು ಗಳಿಗೆಯಲ್ಲಿ ಉತ್ತರ ಬಂತು. ಅವನೇ ಒಪ್ಪಿಕೊಂಡನಂತೆ, ಬಾಯಿ ಒಣಗುತ್ತಿತ್ತು, ಒಂದು ಹಾಕಿಕೊಂಡೆ ಎಂದನಂತೆ. ತಾಯಿ ಹಣೆ ಚಚ್ಚಿಕೊಂಡು ಕೂತರು. ಹೆಂಗಸರೆಲ್ಲ ನಕ್ಕರು. ಖಾಲಾ ನಗಲಿಲ್ಲ. ನನ್ನ ಕಡೆ ತಿರುಗಿ ನೋಡಿದರು. ನಾನು ಚಾಪೆಯ ಗೆರೆ ನೋಡಿಕೊಂಡು ಕೂತೆ.

ಮದುವೆಯಾದ ಮೇಲೆ ಕೆಲವು ಶುಕ್ರವಾರ ಹೆಣ್ಣಿನ ಮನೆಯವರು ಮಗಳನ್ನೂ ಅಳಿಯನನ್ನೂ ಊಟಕ್ಕೆ ಕರೆಯುತ್ತಾರೆ. ಮೊದಲ ಶುಕ್ರವಾರ ಊಟವಾದ ಮೇಲೆ ಖಾಲಾ ಇಬ್ಬರನ್ನೂ ಕರೆದುಕೊಂಡು ನೇರ ನಮ್ಮ ಮನೆಗೆ ಬಂದರು. ಅವರು ಮದುವೆಯ ಬಳಿಕ ನನ್ನೊಡನೆ ಮಾತಾಡಿರಲಿಲ್ಲ. ಕರವಸ್ತ್ರ ಅಳಿಯನ ಕೈಯಲ್ಲಿತ್ತು, ಜೊತೆಗೆ ಒಂದು ಕಾಗದದ ಪೊಟ್ಟಣದಲ್ಲಿ ಆ ಕೆಂಪು ದಾರ. ಅವನು ಚಿಂತಾಮಣಿಯಲ್ಲಿ ಗಡಿಯಾರ ರಿಪೇರಿ ಮಾಡುವವನು.

"ತಪ್ಪು ನಂದೇ ಆಪಾ," ಎಂದ ನನ್ನ ಕಡೆ ತಿರುಗಿ. "ಸಡಿಲವಾಗಿರೋದು ಕೈಗೆ ಸಿಕ್ರೆ ನಾನು ಸುಮ್ನಿರಲ್ಲ. ಒಂಚೂರು ಎಳೆದೆ, ಹಸಿರು ಹೊಲಿಗೆಯೊಂದು ಪಟ್ ಅಂತ ಕಿತ್ತೋಯ್ತು. ಬಂತು. ಆಮೇಲೆ ಬರ್ತಾನೇ ಇತ್ತು."

"ಇವ್ಳ ಹೊಲಿಗೆ ಯಾವತ್ತೂ ಬಿಟ್ಟಿಲ್ಲ. ಇದ್ಯಾಕೆ ಬಿಡ್ತು ಕೇಳು," ಎಂದರು ಖಾಲಾ, ನನಗೆ ಹೇಳದೆ ಅಮ್ಮನಿಗೆ.

ಹಳೆಯ ದಾರ, ಲಡಿ ಸರಿಯಿರಲಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಳಿಯ ಪಾಪ, ಮಾಡದ ತಪ್ಪನ್ನು ಹೊತ್ತು ನಿಂತಿದ್ದ. "ಬಿಡಲಿ ಅಂತಾನೇ ಹೊಲಿದಿದ್ದು ಖಾಲಾ," ಎಂದೆ.

"ನಾನೇ ಹೇಳಿದ್ದು ಅಮ್ಮಿ," ಎಂದಳು ಮಗಳು. "ಅಬ್ಬಾನ ಕಲೆ ನಂಗೆ ಬೇಕಿತ್ತು."

ಖಾಲಾ ಕರವಸ್ತ್ರ ತೆಗೆದುಕೊಂಡು ಕಿಟಕಿಯ ಬಳಿ ಹೋದರು. ಈಗ ಅವರು ಮತ್ತೆ ಹೊಲಿ, ಈ ಸಲ ಗಟ್ಟಿಯಾಗಿ ಹೊಲಿ ಎಂದರೆ ನಾನು ಹೊಲಿಯಲೇಬೇಕು. ಮಗಳಿಗೂ ಅದು ಗೊತ್ತಿತ್ತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

ಖಾಲಾ ಅಳಿಯನ ಕಡೆ ತಿರುಗಿದರು. "ಎಲೆ ಹಾಕ್ಕೊಂಡಿದ್ದೆ ಅಂತ ಯಾಕಪ್ಪಾ ಸುಳ್ಳು ಹೇಳ್ದೆ?"

"ನಮ್ಮ ದೊಡ್ಡಪ್ಪ, ಇದ್ಯಾರ ಮನೆ ಹಳೇ ರುಮಾಲು ಅಂತ ಬಾಯಿ ತೆಗೆದ್ರು. ಮುಂದೆ ಮಾತಾಡೋಕ್ ಮುಂಚೆ ಕಲೆ ನಂದೇ ಅಂದ್ಬಿಟ್ಟೆ." ಅವನು ತಲೆ ಕೆರೆದುಕೊಂಡ. "ಈಗ ನಮ್ಮಮ್ಮ ದಿನಾ ನನ್ನ ಬಾಯಿ ತೆರೆಸಿ ಮೂಸ್ತಾರೆ."

ಖಾಲಾ ಮೊದಲು ಉಸಿರು ಬಿಟ್ಟರು, ಆಮೇಲೆ ಅದು ನಗುವಾಯಿತು. ಅವರ ಯಜಮಾನರು ಹೋದ ಮೇಲೆ ಅವರು ಹಾಗೆ ನಕ್ಕದ್ದೇ ಇಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ನಕ್ಕಿರುತ್ತಾರೆ, ನಾನು ಕೇಳಿರಲಿಲ್ಲ ಅಷ್ಟೇ.

"ಚಿಂತಾಮಣಿಯೋರು ನೋಡ್ಬಾರ್ದು ಅಂತ ತಾನೇ ಮುಚ್ಚಿಸಿದ್ದು," ಎಂದರು. "ಎಲ್ರೂ ನೋಡಿಯಾಯ್ತು. ಇನ್ಯಾರಿಗೆ ಅಂತ ಮುಚ್ಚಲಿ?" ಬಟ್ಟೆಯನ್ನು ನನ್ನ ಮುಂದೆ ಹಿಡಿದರು. ಕಲೆಯ ಸುತ್ತ ಸೂಜಿಯ ತೂತುಗಳು ಸುರುಳಿಯಾಗಿ ಕಾಣುತ್ತಿದ್ದವು. "ಇವು ಮುಚ್ಚುತ್ವಾ?"

"ಒದ್ದೆ ಬೆರಳಲ್ಲಿ ಉಜ್ಜಿದ್ರೆ ಕೂಡ್ಕೊಳ್ಳುತ್ತೆ."

"ಹಂಗಾದ್ರೆ ಉಜ್ಜು. ಅದೊಂದು ಕೆಲ್ಸನಾದ್ರೂ ನಾನು ಹೇಳ್ದಂಗೆ ಮಾಡು."

ಬಾಗಿಲ ಹೊಸ್ತಿಲ ಬೆಳಕಿನಲ್ಲಿ ಕೂತು ಉಜ್ಜಿದೆ. ಬಟ್ಟೆಯ ಎಳೆಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಸರಿದವು. ಮಗಳು ನನ್ನ ಬೆರಳಿನ ಮೇಲೆ ಬಗ್ಗಿ, "ಮೆಲ್ಲಗೆ, ಮೆಲ್ಲಗೆ ಕಣೇ," ಎನ್ನುತ್ತಲೇ ಇದ್ದಳು. ಏಳು ಸಲ ಒಗೆದರೂ ಹೋಗದ ಕಲೆ ನನ್ನ ಬೆರಳಿಗೆ ಹೋಗುತ್ತದೆಯೇ ಎಂದು ಅಮ್ಮ ಅವಳನ್ನು ಬೈದಳು. ತೂತುಗಳು ಹೋದವು, ನಡುವಿನ ಒಂದನ್ನು ಬಿಟ್ಟು. ಪಕ್ಕದಲ್ಲಿ ಹೂವಿಲ್ಲದ ಹಸಿರು ಎಲೆಯೊಂದು ಉಳಿಯಿತು. ಕಿತ್ತುಬಿಡಲೇ ಎಂದೆ. ಇರಲಿ ಬಿಡು ಎಂದು ಯಾರೋ ಅಂದರು.

ಅಳಿಯ ಜೇಬಿಗೆ ಹಾಕಿಕೊಳ್ಳಲು ಕೈ ಚಾಚಿದ. ಮಗಳು ಕೊಡದೆ ತಾನೇ ತೆಗೆದುಕೊಂಡಳು.

"ನಿಮ್ ಕೈಗಾ? ಬೇಡ್ರೀ. ಈ ಸಲ ಅಂಚು ಎಳೆದುಬಿಡ್ತೀರ."

ನಾಲ್ಕು ಮಡಿಕೆ ಮಾಡಿ, ಕಲೆ ಮೇಲೆ ಬರುವಂತೆ ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ತಾಯಿಯ ಹಿಂದೆ ಹೊರಟಳು.