ಸಮುದ್ರದ ಹಲಗೆ

ಕಳೆದ ವಾರ ನಮ್ಮ ಬಂಗಾರಪೇಟೆ ಮನೆಗೆ ಹೊಸ ಬಾಗಿಲು ಹಾಕಿಸಿ ವಾರ್ನಿಷ್ ಹೊಡೆಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿನ್ನದ ಗಣಿಯ ನಂದಿದುರ್ಗದ ಲೈನಿನ ಸಾಲುಮನೆಗಳಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಡಗಿ ತಾತ ಕಣ್ಮುಂದೆ ಬಂದು ಕೂತರು. ಬಂದವರು ಹಳೆಯ ಪ್ರಶ್ನೆಯನ್ನೇ ಕೇಳಿದರು…

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ಆ ಲೈನಿಗೆ ಬಂದು ವರ್ಷ ತುಂಬಿರಲಿಲ್ಲ. ತಾತ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕೊಟ್ಟು ನಿವೃತ್ತರಾದವರು. ಒಂದು ದಿನ ಅವರ ಮನೆ ಮುಂದೆ ಆಳಿಗಿಂತ ಉದ್ದದ, ತುದಿ ಚೂಪಾದ ಹಲಗೆಯೊಂದು ಬಂದಿಳಿಯಿತು. ಹೆಣ ಹೊರುವುದಕ್ಕೋ, ಇಸ್ತ್ರಿ ಮಾಡುವುದಕ್ಕೋ, ಇಡೀ ಲೈನಿಗೆ ತಲೆಬುಡ ತಿಳಿಯಲಿಲ್ಲ.

ಕಳಿಸಿದವರು ಬಂಗಲೆಯ ದೊರೆಸಾನಿ. ತೀರಿಹೋದ ಅವರ ಗಂಡ ಗಣಿಯ ಇಂಜಿನಿಯರ್. ವಯಸ್ಸಿನಲ್ಲಿ ಮದರಾಸಿನ ಸಮುದ್ರದಲ್ಲಿ ಅಲೆಯ ಮೇಲೆ ಇದನ್ನಿಟ್ಟು ನಿಂತು ಸಾಗುತ್ತಿದ್ದರಂತೆ. ತಾವಿಬ್ಬರೂ ದೇಶ ಬಿಟ್ಟು ಹೋಗುವ ಮುಂಚೆ, ಮದರಾಸಿನಲ್ಲಿರುವ ಮಗ ಅಪ್ಪನ ಹಲಗೆಯ ಮೇಲೆ ಒಮ್ಮೆಯಾದರೂ ನಿಲ್ಲಬೇಕೆಂದು ಆ ತಾಯಿಯ ಆಸೆ. ತುದಿ ಬಿರಿದಿದ್ದ ಅದನ್ನು ತಾತ ಸರಿಮಾಡಿಕೊಡಬೇಕಿತ್ತು. ಲೈನಿನಲ್ಲಿ ಒಂದಿಷ್ಟು ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ನಾನು ವಿವರಿಸಿದರೆ ತಾತ ನನ್ನನ್ನೇ ಅನುಮಾನದಿಂದ ನೋಡಿದರು.

“ನೀರಿನ್ ಮ್ಯಾಲೆ ನಿಂತ್ಕಂಡು ಓಗ್ತಾರಾ? ಸರ್ಯಾಗಿ ಕೇಳುಸ್ಕಂಡ್ಯೇನಮ್ಮಾ?”

ಸಮುದ್ರ ನಾನೂ ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ. ಆದರೆ ಆ ಇಂಜಿನಿಯರ್ ಒಮ್ಮೆ ಬಂಡೆ ಕುಸಿದಾಗ ಬರಿಗೈಯಲ್ಲಿ ಕಲ್ಲುಮಣ್ಣು ಬಗೆದು ತಾತನನ್ನು ಹೊರಗೆಳೆದಿದ್ದರಂತೆ. ಹಾಗಾಗಿ ಒಲ್ಲೆ ಅನ್ನುವ ಪ್ರಶ್ನೆಯೇ ಇರಲಿಲ್ಲ.

ತಾತ ಹಳೆಯ ಬಣ್ಣವೆಲ್ಲ ಕೆರೆದರು, ಬಿರಿದ ತುದಿಗೆ ತೇಗದ ತುಂಡು ಕೂಡಿಸಿದರು. ಆಮೇಲೆ ಗಣಿಯ ಅಭ್ಯಾಸದಂತೆ ಸುತ್ತಿಗೆ ಹಿಡಿಯಿಂದ ಉದ್ದಕ್ಕೂ ತಟ್ಟಿ ಕಿವಿಗೊಟ್ಟರು. ಮುಖ ಕಪ್ಪಿಟ್ಟಿತು.

“ವಳಗೆಲ್ಲಾ ಟೊಳ್ಳು ಕಣಮ್ಮಾ! ಟೊಳ್ಳು ಸಬ್ದ ಬಂದ್ ಕಡೆ ಮನ್ಸ ನಿಂತ್ಕಬಾರ್ದು.”

ಗಣಿಯಲ್ಲಿ ಟೊಳ್ಳು ಸದ್ದಿನ ಬಂಡೆಯೆಂದರೆ ಕುಸಿಯುವ ಬಂಡೆ; ಮೂವತ್ತು ವರ್ಷ ಅವರ ಜೀವ ಉಳಿಸಿದ್ದು ಅದೇ ಬುದ್ಧಿ. ಬೆನ್ನಿನ ಪಟ್ಟಿ ಬಿಚ್ಚಿ, ಒಳಗೆ ಗಣಿಯಲ್ಲಿ ಕೊಡುವಂತೆಯೇ ಪುಟ್ಟ ಪುಟ್ಟ ಆಸರೆ ಕೊಟ್ಟರು. ಸಂದುಗಳಿಗೆ, ಚಿನ್ನ ತೆಗೆದ ಮೇಲೆ ಗುಡ್ಡೆ ಹಾಕಿದ ಸೈನೈಡ್ ದಿಬ್ಬದ ಮರಳನ್ನು ಟಾರಿನಲ್ಲಿ ಕಲಸಿ ಗಿಡಿದರು. ತಾತನ ಹೆಂಡತಿ ಅಜ್ಜಿ ಅದರ ಮೇಲೆ ಬಿಳಿ ಬಣ್ಣದಲ್ಲಿ ಚುಕ್ಕಿ ರಂಗೋಲಿ ಬರೆದರು, ತಾತ ನಡುವೆ ಕೆಂಪು ತಾವರೆ ಅರಳಿಸಿದರು, ಕೊನೆಗೆ ಎರಡು ಕೈ ವಾರ್ನಿಷ್. ಆಯುಧಪೂಜೆಯ ದಿನ ಅದಕ್ಕೂ ಕುಂಕುಮವಿಟ್ಟು ನಿಂಬೆಹಣ್ಣು ಕೊಯ್ದದ್ದಾಯಿತು. ನನಗೆ ಒಳಗೊಳಗೇ ಏನೋ ಅಳುಕು.

ದೊರೆಸಾನಿ ಬಂದರು. ತಾವರೆಯ ಮೇಲೆ ಕೈಯಾಡಿಸಿದರು. ಒಂದು ತುದಿ ಎತ್ತಲು ಹೋದರು, ಅದು ಮಿಸುಕಲಿಲ್ಲ. ಬೆರಳಿಂದ ತಟ್ಟಿದರು, ಬಂಡೆಯ ಸದ್ದು. ಒಳಗೆ ಏನಿದೆಯೆಂದು ನನ್ನನ್ನು ಕೇಳಿದರು, ಹೇಳಿದೆ. ಅವರು ನಕ್ಕರೋ ಅತ್ತರೋ ಇಂದಿಗೂ ಗೊತ್ತಿಲ್ಲ. ಕಣ್ಣಲ್ಲಿ ನೀರಂತೂ ಇತ್ತು. ತಾತನ ಎರಡೂ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಅಂದರು: “ಇದಿನ್ನು ತೇಲುವುದಿಲ್ಲ. ಅವರಿಗೆ ಹೇಳಬೇಡ.”

“ಏನಂದ್ರಮ್ಮಾ?” ತಾತ ಕೇಳಿದರು.

“ಬಾಳ ಚೆನ್ನಾಗೈತೆ ಅಂದ್ರು ತಾತ” ಅಂದೆ.

ಹಲಗೆ ಲಾರಿಯಲ್ಲಿ ಹೋಯಿತು. ಅಂದಿನಿಂದ ಅಂಚೆಯವನು ಕಂಡಾಗಲೆಲ್ಲ ತಾತನದು ಒಂದೇ ಪ್ರಶ್ನೆ: “ಕಾಗ್ದ ಬಂತೇನಮ್ಮಾ? ಮಗ ನಿಂತ್ಕಂಡ್ನಂತಾ?” ಎರಡು ವರ್ಷ ಕೇಳಿದರು. ನನಗೆ ತಡೆಯಲಾಗಲಿಲ್ಲ. ಒಂದು ದಿನ ನಮ್ಮವ್ವ ಬರೆಸಿದ್ದ ಕಾಗದವನ್ನೇ ಬಿಡಿಸಿ ಹಿಡಿದು, ಮಗ ನಿಂತನಂತೆ, ಹಲಗೆ ಅಲುಗಲೇ ಇಲ್ಲವಂತೆ, ಅಂತ ಓದಿಬಿಟ್ಟೆ. ತಾತ ಟವೆಲಿನಿಂದ ಕಣ್ಣೊರೆಸಿಕೊಂಡು ಸೀದಾ ಆಂಡರ್ಸನ್‌ಪೇಟೆಗೆ ನಡೆದರು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ… ಮರು ಚಳಿಗಾಲದಲ್ಲಿ ತೀರಿಕೊಂಡರು.

ಮೊನ್ನೆ ವಾರ್ನಿಷ್ ಒಣಗಿದ ಬಾಗಿಲನ್ನು ಸುಮ್ಮನೆ ತಟ್ಟಿ ನೋಡಿದೆ. ಟೊಳ್ಳು! ಈಗಿನ ಬಾಗಿಲೆಲ್ಲ ಹಂಗೇ ಕಣಮ್ಮಾ, ಅಂದ ಅದನ್ನು ಹಾಕಿದ ಬಡಗಿ. ಹೊಸಿಲ ಬಳಿ ಸುಮಾರು ಹೊತ್ತು ನಿಂತೇ ಇದ್ದೆ. ಅಂದು ನಿಜ ಹೇಳಿದ್ದರೆ ತಾತ ಬಿಚ್ಚಿ ಮತ್ತೆ ಸರಿಮಾಡುತ್ತಿದ್ದರೋ ಏನೋ, ಆ ಹುಡುಗ ನಿಜಕ್ಕೂ ನಿಲ್ಲುತ್ತಿದ್ದನೋ ಏನೋ. ಇದು ನನಗೆ ಈಗ ಹೊಳೆಯುತ್ತಿದೆ, ತಾತನಿಲ್ಲದ ಮೇಲೆ.