ಎಡಗೈ ಲಿಂಗದ್ದು

...ಅಥವಾ ಡಾಕ್ಟರ ಫೋನು ಬಂದ ಮೇಲೆಯೇ ನಾನು ಮಲ್ಲಯ್ಯನ ಗುಡಿಗೆ ಹೋದೆನೋ ಏನೋ. ಕಮಲಾಪುರದಲ್ಲಿ ಬಸ್ಸಿಳಿದು ನೇರ ಗುಡಿಗೆ ನಡೆದದ್ದು, ಅಂಗಳದ ಕಲ್ಲು ಅಂಗಾಲು ಸುಟ್ಟದ್ದು ನೆನಪಿದೆ. ಆದರೆ ಕಳೆದ ಬೇಸಿಗೆಯಲ್ಲಿ ಎಷ್ಟೋ ಸಲ ಹೋಗಿದ್ದೆ. ಇದು ಯಾವ ಸಲದ ಬಿಸಿಲು? ಭಕ್ತ ಬಂಧುಗಳೇ, ಈ ಅನುಮಾನ ಮುಚ್ಚಿಟ್ಟು ಬರೆಯಲಾರೆ.

ಅವ್ವನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಮಾಮೂಲು ಔಷಧವನ್ನು ಈ ವಯಸ್ಸಿನ ದೇಹ ತಾಳಲಿಕ್ಕಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದ ದಿನ, ಅಲ್ಲೇ ಬ್ರಹ್ಮಪುರ ಬಡಾವಣೆಯ ನಮ್ಮ ಮನೆಯಲ್ಲಿ ಯಾರಿಗೂ ಕೇಳಿಸದಿರಲೆಂದು ನಲ್ಲಿ ಬಿಟ್ಟು ಅತ್ತೆ. ಮಲ್ಲಯ್ಯನಲ್ಲಿ ಬೇಡಿದ್ದು ಇಷ್ಟೇ: ಒಂದು ದಾರಿ ತೋರಿಸು.

ದಾರಿ ಫೋನಿನಲ್ಲಿ ಬಂತು. ಹೈದರಾಬಾದಿನಿಂದ ಬೇರೆ ಔಷಧ ತರಿಸಬಹುದಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಅದನ್ನು ತುಂಬಿರುತ್ತಾರೆ. ಗುಳ್ಳೆ ಎಲುಬಿನ ಮಜ್ಜೆ ಸೇರಿ, ಹೆಚ್ಚಾಗಿ ರೋಗದ ಕಣದೊಳಗೇ ಹೋಗಿ ಬಿಚ್ಚಿಕೊಳ್ಳುತ್ತದೆ ಎಂದು, ಆಸ್ಪತ್ರೆಗೆ ಸೇರಿಸಿದಾಗ, ಡಾಕ್ಟರು ಅವ್ವನಿಗೆ ವಿವರಿಸಿದರು.

"ಅಂದ್ರ ವಸ್ತ್ರದಾಗ ಸುತ್ತಿದ ಲಿಂಗ ಇದ್ದಂಗ," ಎಂದಳು ಅವ್ವ. "ಬಿಚ್ಚೋ ಜಾಗಾದಾಗೇ ಬಿಚ್ಚಬೇಕು."

ಹೆಚ್ಚುಕಡಿಮೆ ಹಾಗೆಯೇ ಎಂದು ಡಾಕ್ಟರು ನಕ್ಕರು. ಅದೇ ತಪ್ಪಾಯಿತು. ಲಿಂಗಪೂಜೆ ಮುಗಿಯದೆ ಆ ಔಷಧ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವ್ವ ಹಟ ಹಿಡಿದಳು. ವಾರ್ಡಿನ ನರ್ಸ್ ಸಿಸ್ಟರ್ ಶಬಾನಾ ಎಡಗೈಗೆ ಸೂಜಿ ಚುಚ್ಚಲು ಬಂದರೆ ಕೈ ಎಳೆದುಕೊಂಡಳು. ಎಡ ಅಂಗೈ ಲಿಂಗ ಕೂಡುವ ಜಾಗ, ಅಲ್ಲಿ ಸೂಜಿ ಆಗದು. ಬಲಗೈಗೆ ಚುಚ್ಚಿದರೆ ಉಣ್ಣುವುದು ಹೇಗೆ ಎಂದು ಸಿಸ್ಟರ್ ಕೇಳಿದರು.

"ಮಗಳು ಅದಾಳಲ್ಲ, ಉಣಸ್ತಾಳ."

ಹೀಗೆ ಬಲಗೈಗೆ ನೇರಳೆ ಬಣ್ಣದ ಔಷಧ ಇಳಿಯಿತು. ಸಿಸ್ಟರ್ ಪ್ರತಿಸಲ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಪೂಜಾ ಆತೇನ್ರಿ ಅವ್ವಾ? ನಮ್ ದವಾ ಕಾಯಲಾಕತ್ತದ." ನಾನು ತುತ್ತು ಮಾಡಿ ಉಣಿಸುತ್ತಿದ್ದೆ. ಅವ್ವ ಅದರಲ್ಲೂ ಹುಳುಕು ಹುಡುಕುತ್ತಿದ್ದಳು. "ತುತ್ತು ಸಣ್ಣದು ಮಾಡ. ನಿನಗ ನಾ ಹಿಂಗ ತುರುಕಿದ್ದೆನೇನು?"

ಆಮೇಲೆ ಜ್ವರ ಬಂತು. ತುತ್ತು ಬೇಡವೆಂದು ಅವಳು ಗೋಡೆಗೆ ಮುಖ ಮಾಡಿದ ದಿನಗಳೂ ಇದ್ದವು. ಎಷ್ಟಿದ್ದವು, ಬರೆಯಲಾರೆ. ಒಂದು ಮುಂಜಾನೆ ತಾನೇ ಬಾಯಿ ತೆರೆದಳು. ಮಜ್ಜೆಯ ಪರೀಕ್ಷೆಯಲ್ಲಿ ರೋಗ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದಾಗ ಸಿಸ್ಟರ್ ಶಬಾನಾ ನನಗಿಂತ ಮೊದಲು ಅತ್ತರು.

ಅವ್ವನ ಊರು ಕಮಲಾಪುರಕ್ಕೆ ಬಂದ ಮೇಲೆ ನನ್ನ ಅನುಮಾನವನ್ನು ಅವ್ವನಿಗೆ ಹೇಳಿದೆ: ಬೇಡಿದ್ದು ಮೊದಲೋ, ಫೋನು ಮೊದಲೋ?

ಹಿತ್ತಲಿನ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಮಲ್ಲಯ್ಯ ನಿನ್ನ ಬಾಯಿ ನೋಡಕೋತ ಕುಂತಿದ್ದನೇನು? ಆ ಔಷಧ ಮಾಡಿದೋರಿಗಿ ಬುದ್ಧಿ ಕೊಟ್ಟು ಎಷ್ಟು ವರ್ಷ ಆಗ್ಯಾವೋ. ನೀ ಗುಡಿಗಿ ತಡಾ ಮಾಡಿ ಬಂದಿ, ಅಷ್ಟೇ."

ನಾನೀಗ ದಿನವೂ ಕೈಮುಗಿಯುತ್ತೇನೆ, ಹೊತ್ತು ಲೆಕ್ಕಿಸದೆ. ಅವ್ವ ಎಡಗೈಯಲ್ಲಿ ಪೂಜೆ ಮಾಡುತ್ತಾಳೆ, ಬಲಗೈಯಲ್ಲಿ ತಾನೇ ಉಣ್ಣುತ್ತಾಳೆ. ರೋಗ ಮರಳುವುದೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದೆ, ಡಾಕ್ಟರಿಗೂ ಗೊತ್ತಿಲ್ಲ.