ಅಕ್ಕನ ಸೀರೆಗೆ ಚುಚ್ಚಿದ ಬಹುಮಾನ

ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ. ಸಾಲಿ ಹೆಚ್ಚು ಕಲಿತವಳಲ್ಲ ನಾನು. ಕೈಯೇ ನನ್ನ ವಿದ್ಯೆ. ಅವ್ವ ತೀರಿಕೊಂಡ ಮೇಲೆ, ಎಕಂಬಾ ಊರಿಗೆ ಮದುವೆ ಮಾಡಿಕೊಟ್ಟ ಅಕ್ಕನಿಗೆ ಈ ಅಂಗಡಿಯೇ ತವರುಮನೆ. ಬಂದಾಗಲೆಲ್ಲ ಹೊರಡುವ ಮುಂಚೆ ಅವಳ ಉಡಿ ತುಂಬುತ್ತೇನೆ.

ಅಕ್ಕನ ಸೊಂಟ, ಹಿಂಭಾಗ ದಪ್ಪ. ಅದು ಕಾಣದಂತೆ ಸದಾ ಸೆರಗು ಸುತ್ತಿಕೊಳ್ಳುತ್ತಾಳೆ. ಲಂಗದ ಅಳತೆ ತೆಗೆಯುವಾಗ, "ಮೆಲ್ಲಗ ಹೇಳವ್ವಾ, ಮಂದಿ ಕೇಳ್ತಾರ" ಅನ್ನುತ್ತಾಳೆ.

ಒಂದು ದಿನ ಗುಂಡಿ ಹಚ್ಚಲು ಬರುವ ಹುಡುಗಿ ಮೊಬೈಲ್ ನೋಡಿ ಬಿದ್ದು ಬಿದ್ದು ನಕ್ಕಳು. ಇಂಗ್ಲೆಂಡಿನಲ್ಲಿ ಹೆಸರಾದ ನಟನಟಿಯರಲ್ಲಿ ಯಾರ ಹಿಂಭಾಗ ಚಂದವೆಂದು ಆರಿಸಿ ಪ್ರಶಸ್ತಿ ಕೊಡುತ್ತಿದ್ದರಂತೆ. ಗೆದ್ದವರು ಕ್ಯಾಮೆರಾಕ್ಕೆ ಬೆನ್ನು ಮಾಡಿ, ಹೊರಳಿ ನೋಡಿ ನಗುತ್ತಿದ್ದ ಫೋಟೊ ತೋರಿಸಿದಳು.

"ಅಯ್ಯವ್ವಾ, ಕುಂಡಿಗಿ ಭಿ ಬಹುಮಾನ ಅದಾ ಏನ್ರಿ?"

"ಇಲ್ಲಿ ಕೊಟ್ರ ನಮ್ಮ ಅಕ್ಕಗೇ ಬರ್ತದ" ಅಂದೆ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆ ನಗು ನನಗೆ ರುಚಿ ಹತ್ತಿತು.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಊಟವಾಯಿತು. ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ಕುಬುಸದ ಖಣ ತುಂಬಿದ ಸೆರಗನ್ನು ಅವಳು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ಹಿಂದೆ ಹೋಗಿ, ಕೆಂಪು ಸ್ಯಾಟಿನ್ ಚೂರಿನ ಮೇಲೆ ಸುಣ್ಣದ ಕಡ್ಡಿಯಿಂದ "ಫಸ್ಟ್ ಪ್ರೈಜ್" ಎಂದು ಬರೆದು ಅವಳ ಸೀರೆಯ ಹಿಂಭಾಗಕ್ಕೆ ಪಿನ್ನು ಹಾಕಿದೆ. ಒಂದು ಗಳಿಗೆ ನಕ್ಕು ತೆಗೆಯುವ ಮನಸ್ಸಿತ್ತು. ಅಷ್ಟರಲ್ಲಿ ಅವಳೂರ ಕಡೆ ಹೋಗುವ ಔರಾದ ಬಸ್ ಹಾರ್ನ್ ಹೊಡೆಯಿತು. ಅಕ್ಕ ಉಡಿ ಹಿಡಿದುಕೊಂಡೇ ಓಡಿದಳು.

ಕೂಗಬಹುದಿತ್ತು. ಹೊಟ್ಟೆ ಹಿಡಿದು ನಗುತ್ತಿದ್ದೆ. ಬಸ್ಸಿನ ಬಾಗಿಲಲ್ಲಿ ನಿಂತ ಗಂಡಸರೂ ನಕ್ಕರು. ಏನೆಂದು ತಿಳಿಯದ ಅಕ್ಕ, ಅವರ ಜೊತೆ ತಾನೂ ನಕ್ಕಳು. ಅದನ್ನು ಕಂಡಾಗ ನನ್ನ ನಗು ನಿಂತಿತು. ಬಸ್ಸೂ ಹೋಗಿತ್ತು.

ಆಮೇಲೆ ಅವಳು ಬರಲಿಲ್ಲ. ಬೀದರಿನಲ್ಲಿ ಹೊಲಿಸುತ್ತಾಳೆಂದು ಯಾರೋ ಹೇಳಿದರು. ಫೋನ್ ಮಾಡಿದರೆ ಸೊಸೆ ಎತ್ತಿ, "ಅತ್ತಿ ಹೊಲಕ್ಕ ಹೋಗ್ಯಾರ್ರಿ" ಅನ್ನುತ್ತಿದ್ದಳು.

ಅವ್ವ ಕೂಲಿಗೆ ಹೋದಾಗ ದಿನವಿಡೀ ನನ್ನನ್ನು ಎತ್ತಿಕೊಂಡು ತಿರುಗಿದವಳು ಅಕ್ಕ. ಅವಳ ಸೊಂಟದ ಮೇಲೆ ಕೂತೇ ನಾನು ಊರು ನೋಡಿದ್ದು. ನನ್ನನ್ನು ಇಳಿಸಿ ಸಾಲಿಗೆ ಹೋಗು ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಕಡೆಗೆ ನಾನೇ ಎಕಂಬಾಕ್ಕೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. "ತಪ್ಪಾಗ್ಯಾದ ಅಕ್ಕಾ" ಅಂದೆ. ತಲೆ ಎತ್ತಲಿಲ್ಲ. "ಮೊದಲ ಉಣ್ಣು" ಅಂದಳು.

ಹೊರಡುವಾಗ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ಉಡಿ ತುಂಬಿದಳು. ನನ್ನ ಎರಡೂ ಕೈ ತುಂಬಿದವು. ಆಮೇಲೆ ಹಿಂದೆ ಬಂದಳು. ಅವಳೂ ಚೀಟಿ ಚುಚ್ಚಲಿ, ಹಾಗೇ ಭಾಲ್ಕಿ ತನಕ ಹೋಗುತ್ತೇನೆ ಎಂದು ಕಣ್ಣು ಮುಚ್ಚಿದೆ. ಅವಳ ಕೈ ನನ್ನ ನೆರಿಗೆ ಸರಿಮಾಡಿತು.

"ಯಾಕ ನಡುಗ್ಲತ್ತಿ? ಎಲ್ಲಾರ ಕೈಯಾಗ ಪಿನ್ನು ಇರ್ತದೇನ?"

ಉಡಿಯಲ್ಲಿ ಎರಡು ಖಣ ಇದ್ದವು.

"ಒಂದು ನಿಂದು, ಒಂದು ನಂದು. ಬೀದರಿನ ಮಾಸ್ತರ ತೋಳು ಬಿಗಿ ಹೊಲಿತಾನ. ಬರೋ ಸಂತಿಗಿ ಬರ್ತೇನಿ, ತಯಾರ ಇಡು" ಅಂದಳು. ಬಾಗಿಲ ತನಕ ಬಂದು, ಸೆರಗು ಸುತ್ತಿಕೊಳ್ಳುತ್ತ, "ಲಂಗದ ಅಳತಿ ಮಾತ್ರ ಮೆಲ್ಲಗ ಹೇಳು" ಅಂದಳು.